ನಾಳೆ ಬೆಳಿಗ್ಗೆ ಯಾರ ಹಾಸು

ಈ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲ ದಿನವೇ ಕುಂಚಕ್ಕೆ ಕೈ ಹಾಕುತ್ತಾರೆ. ನಾನು ಕೆಲಸದಲ್ಲಿದ್ದಾಗ ಆ ಕೈಯ ಮೇಲೆ ಒಂದು ಏಟು ಕೊಡುತ್ತಿದ್ದೆ. ಕುಂಚ ಎಲ್ಲಿಗೂ ಓಡಿಹೋಗುವುದಿಲ್ಲ; ಮೊದಲು ಹೊರಗೆ ನಿಂತು ಹವಾ ಹೇಗಿದೆ ಹೇಳು, ಆಮೇಲೆ ಕುಂಚ ಹಿಡಿ ಎನ್ನುತ್ತಿದ್ದೆ. ಅವರು ಮುಖ ಊದಿಸಿಕೊಳ್ಳುತ್ತಿದ್ದರು. ಊದಿಸಿಕೊಳ್ಳಲಿ. ಈಗ ಮೊಣಕಾಲು ಕೈಕೊಟ್ಟು ಕಟ್ಟೆಯ ಮೇಲೆ ಕೂತಿದ್ದೇನೆ, ಕೆಲಸ ಸೊಸೆ ರೇಣುಕಾಳಿಗೆ ಹೋಗಿದೆ. ಆದರೂ ನನ್ನ ಮಾತು ಅದೇ.

ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಹಾಕುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡಿ. ಇದನ್ನು ನಾನು ಹೇಳಿದೆ, ರೇಣುಕಾ ಬರೆದಳು.

ಬನಹಟ್ಟಿಯಲ್ಲಿ ನಮ್ಮದು ಕೈಮಗ್ಗದ ಓಣಿ. ಸೀರೆಯ ಉದ್ದಕ್ಕೆ ಹೋಗುವ ನೂಲನ್ನು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರುವ ಮೊದಲು ಅದು ಗಂಜಿ ಕುಡಿಯಬೇಕು. ಇಲ್ಲದಿದ್ದರೆ ಲಾಳಿ ನಾಲ್ಕು ಸಲ ಓಡುವಷ್ಟರಲ್ಲಿ ನೂಲು ಹರಿದು ನೇಕಾರ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಓಣಿಯ ಎರಡೂ ತುದಿಗೆ ಒಂದೊಂದು ಕಲ್ಲಿನ ಗೂಟ ಹುಗಿದಿದೆ. ಬೆಳಕು ಹರಿಯುವಾಗ ಆ ಗೂಟದಿಂದ ಈ ಗೂಟಕ್ಕೆ ಹಾಸು ಎಳೆದು ಕಟ್ಟಿ, ಬಿದಿರುಗೋಲಿನ ಮೇಲೆ ಎತ್ತಿ ನಿಲ್ಲಿಸಿ, ಗಂಜಿ ಹಚ್ಚುತ್ತ, ಬೇರಿನ ಕುಂಚದಿಂದ ಎಳೆಯಿಂದ ಎಳೆ ಬಿಡಿಸುತ್ತ ಇಬ್ಬಿಬ್ಬರು ಅತ್ತಿಂದಿತ್ತ ನಡೆಯಬೇಕು. ನೂಲು ಆರುವ ತನಕ ನಡೆಯುತ್ತಲೇ ಇರಬೇಕು. ಒಂದು ಬೆಳಿಗ್ಗೆಗೆ ಒಂದೇ ಹಾಸು, ಮನೆಗೊಂದು ಪಾಳಿ.

ಪಾಳಿ ಹೇಳುವುದೇ ನನ್ನ ಕೆಲಸವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ನಡೆದುಹೋಗಿ, ನಾಳೆ ಬೆಳಿಗ್ಗೆ ಯಾರ ಹಾಸು ಎಂದು ಬಾಗಿಲಲ್ಲಿ ನಿಂತು ಹೇಳಬೇಕು. ಹೇಳಿದ ಮೇಲೆ ಗಂಜಿ ಒಲೆ ಏರುತ್ತದೆ. ಏರಿದ ಗಂಜಿ ಕಾಯುವುದಿಲ್ಲ, ಹುಳಿಯುತ್ತದೆ. ಆದ್ದರಿಂದ ಕೈಕೆಲಸಕ್ಕಿಂತ ಮೊದಲು ಇದು ಹವಾದ ಕೆಲಸ. ಮುಂದಿನ ಎಂಟು ದಿನ ಯಾವ ಬೆಳಿಗ್ಗೆ ಯಾರಿಗೆ ಕೊಡಬೇಕೆಂಬುದು ತಲೆಯಲ್ಲಿ ಇರಬೇಕು. ತಪ್ಪಿದರೆ ಓಣಿಯ ಹೆಂಗಸರೆಲ್ಲ ನಿಮ್ಮ ಹುಟ್ಟಿದ ಊರಿನ ತನಕ ಬೈಯುತ್ತಾರೆ. ನನ್ನ ಊರು ಬೀಳಗಿ ತಾಲೂಕಿನದು. ಆ ಊರು ಬಹಳ ಬೈಸಿಕೊಂಡಿದೆ.

ನನಗೆ ಕೆಲಸ ಕಲಿಸಿದವರು ಈರಪ್ಪಣ್ಣ. ಓಣಿಯ ಹಿರಿಯರು, ಪಾಳಿ ಹೇಳುವವರು ಆಗ ಅವರೇ. ಬಾಯಿ ಕೆಟ್ಟದ್ದು, ಕಣ್ಣು ಒಳ್ಳೆಯದು. ಅವರ ಮನೆಯ ಗೋಡೆಯ ಗೂಡಿನಲ್ಲಿ ಮಹಾಲಿಂಗಪುರದ ಬೆಲ್ಲದ ಒಂದು ಹೆಂಟೆ ಸದಾ ಇರುತ್ತಿತ್ತು. ಸಂಜೆ ಅದನ್ನು ಬೆರಳಿಂದ ಒತ್ತಿ ನೋಡುತ್ತಿದ್ದರು. ಬೆಲ್ಲ ಬೆವರಿದ್ದರೆ ಗಾಳಿಯಲ್ಲಿ ತೇವ ಇದೆ, ನೂಲು ನಿಧಾನ ಆರುತ್ತದೆ. ಬೆಲ್ಲ ಕಲ್ಲಿನಂತಿದ್ದರೆ ಒಣ ಹವಾ, ಕೈ ಚುರುಕು ಬೇಕು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಒಂದು ಸಂಜೆ ಗೂಡು ಖಾಲಿ. ನನ್ನ ಜೊತೆ ಕುಂಚ ಹಿಡಿಯುತ್ತಿದ್ದ ಚನ್ನವ್ವ ಆಗ ಬಸುರಿ, ಬಯಕೆಯಾಗಿ ಪೂರ್ತಿ ಹೆಂಟೆ ತಿಂದುಬಿಟ್ಟಿದ್ದಳು. ಈರಪ್ಪಣ್ಣ ಖಾಲಿ ಗೂಡಿನ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ ಮಾತು ಇಂದಿಗೂ ಓಣಿಯಲ್ಲಿದೆ:

"ನಾಳಿ ಪಾಳಿ ಯಾರದಂತ ನನ್ನ ಕೇಳಬ್ಯಾಡ್ರಿ. ನಾಳಿನ ಹವಾ ಚನ್ನವ್ವನ ಹೊಟ್ಟ್ಯಾಗ ಐತಿ."

ಹುಟ್ಟಿದ ಮಗಳಿಗೆ ಬೇರೆ ಹೆಸರಿದೆ, ಓಣಿಯವರು ಕರೆಯುವುದು ಬೆಲ್ಲವ್ವ ಎಂದೇ.

ಆಮೇಲೆ ರೇಡಿಯೋ ಬಂತು. ಸಂಜೆ ವಾರ್ತೆಯ ಕೊನೆಗೆ, ಉತ್ತರ ಒಳನಾಡಿನ ಅಲ್ಲಲ್ಲಿ ಮಳೆ ಎನ್ನುತ್ತಿತ್ತು. ಈರಪ್ಪಣ್ಣ ಅದರ ಕಿವಿ ಹಿಂಡಿ ಬಂದ್ ಮಾಡುತ್ತಿದ್ದರು. ಒಳನಾಡೆಂದರೆ ಎಷ್ಟು ದೊಡ್ಡದು, ಅದರಲ್ಲಿ ನಮ್ಮ ಓಣಿ ಇದೆಯೋ ಇಲ್ಲವೋ ಅದನ್ನು ಹೇಳಲಿ ಎನ್ನುವುದು ಅವರ ತಕರಾರು. ಅದಕ್ಕೆ ಅವರು ಬೇರೆ ದಾರಿ ಕಂಡುಕೊಂಡಿದ್ದರು. ಬೇಸಿಗೆ ಬಲಿಯುವ ಮೊದಲು ಗುಡುಗಿನ ಮಳೆ ನಮ್ಮ ಕಡೆ ಬರುವುದು ಹೆಚ್ಚಾಗಿ ಮೂಡಣದಿಂದ. ಬೀಳಗಿ, ಮುಧೋಳ, ಮಹಾಲಿಂಗಪುರ, ಆಮೇಲೆ ನಾವು. ಅತ್ತಲಿಂದ ಬರುವ ಬಸ್ಸಿನ ಮೇಲೆ ಒದ್ದೆ ಇದೆಯೇ ನೋಡಿ ಬರಲು ನನ್ನನ್ನು ಬಸ್‌ಸ್ಟ್ಯಾಂಡಿಗೆ ಕಳಿಸುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ ಓಡಿಹೋಗಿ ಬಸ್ಸಿನ ತಗಡಿಗೆ ಕೈ ಉಜ್ಜಿ ನೋಡುತ್ತಿದ್ದೆ. ಕಂಡಕ್ಟರುಗಳು ನನಗೆ ಹುಚ್ಚು ಎಂದುಕೊಂಡಿದ್ದರು. ಅಂದುಕೊಂಡದ್ದರಿಂದ ಒಂದು ಹಾಸೂ ಕೆಡಲಿಲ್ಲ.

ಅವರು ಕಲಿಸಿದ ಇನ್ನೊಂದು ಮಾತು: ಹಾಸು ಹಸಿ ಇದ್ದಾಗ ಜಗಳ ಒಳಗೆ. ಓಣಿಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿರಲಿ, ಹಸಿ ಹಾಸಿನ ಮೇಲೆ ಮೋಡ ಬಂತೆಂದರೆ ಎಲ್ಲರೂ ಹೊರಗೆ ಬರಬೇಕು. ಹಾಸು ಒಳಗೆ ಹೋದ ಮೇಲೆ ಬೇಕಾದರೆ ಜಗಳ ಹೊರಗೆ ತಂದುಕೊಳ್ಳಿ.

ಈರಪ್ಪಣ್ಣ ಹೋದ ಮೇಲೆ ಪಾಳಿ ಹೇಳುವುದು ನನಗೆ ಬಂತು. ಹೆಂಗಸು ಹೇಳಿದ ಪಾಳಿ ಕೇಳಬೇಕೇ ಎಂದು ಕೆಲವರು ಗೊಣಗಿದರು. ಕೇಳದಿದ್ದರೆ ನಿಮ್ಮ ಹಾಸಿನ ಕುಂಚವನ್ನು ನೀವೇ ಹಿಡಿಯಿರಿ ಎಂದೆ. ಒಬ್ಬ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಅವನ ನೂಲು ಹಗ್ಗವಾಗಿತ್ತು. ಮರುದಿನದಿಂದ ಗೊಣಗು ನಿಂತಿತು.

ಹೋಳಿ ಮುಗಿದು ಯುಗಾದಿ ಬರುವ ನಡುವಿನ ದಿನಗಳೇ ಈ ಕೆಲಸಕ್ಕೆ ಕಠಿಣ. ಚಳಿ ಹೋಗಿರುತ್ತದೆ, ಬಿಸಿಲು ಬಲಿತಿರುವುದಿಲ್ಲ, ಒಂದು ದಿನದ ಹವಾ ಇನ್ನೊಂದು ದಿನಕ್ಕಿಲ್ಲ. ಮದುವೆ ಸೀರೆಗಳ ಅವಸರವೂ ಆಗಲೇ. ಆ ದಿನಗಳಲ್ಲಿ ನಾವು ಮಾಡಿಕೊಂಡ ಒಂದು ಫಜೀತಿ ಹೇಳುತ್ತೇನೆ. ಒಂದು ವರ್ಷ ಸಾಲೆಯ ಪರೀಕ್ಷೆ ಅಡ್ಡ ಬಂದು ಊರಿನವರು ಬಣ್ಣದಾಟವನ್ನು ಬೇರೆ ದಿನಕ್ಕೆ ಸರಿಸಿದರು. ಪೇಟೆಗೆಲ್ಲ ಗೊತ್ತು, ನಮಗೆ ಗೊತ್ತಿಲ್ಲ. ನಾವು ವಾರವಿಡೀ ಕೇಳಿದ್ದು ಹವಾ ಒಂದನ್ನೇ. ಆ ಬೆಳಿಗ್ಗೆ ಗಾಳಿ ಹದ, ತೇವ ಹದ, ಮೋಡದ ಚೂರಿಲ್ಲ. ಬಿಳಿ ಹಾಸು ಓಣಿಯುದ್ದ ಹಾಲಿನ ಕೆನೆಯ ಹಾಗೆ ನಿಂತಿತ್ತು. ಗುಲಾಬಿ ನೀರಿನ ಬ್ಯಾರಲ್ ಹೊತ್ತ ಟ್ರ್ಯಾಕ್ಟರ್ ಓಣಿಯ ಬಾಯಿಗೆ ಬಂದಾಗಲೇ ನಮಗೆ ತಿಳಿದದ್ದು. ಅರ್ಧ ಹಾಸಿಗೂ ನನಗೂ ಒಂದೇ ಬಣ್ಣ ಬಿತ್ತು.

ಆ ಹಾಸಿನ ಮನೆಯ ಮುದುಕಿ ಗಟ್ಟಿ. ಅತ್ತರೆ ಬಣ್ಣ ಹೋಗುವುದಿಲ್ಲ ಎಂದು ಹಾಗೆಯೇ ಮಗ್ಗಕ್ಕೆ ಏರಿಸಿ ನೇಯಿಸಿದಳು. ಮಹಾಲಿಂಗಪುರದ ಸಂತೆಯಲ್ಲಿ ಮೊದಲು ಹೋದದ್ದು ಆ ಸೀರೆಗಳೇ. ಕೊಂಡವರು ಇದೇ ನಮೂನೆಯದು ಇನ್ನೊಂದು ಇದೆಯೇನ್ರಿ ಎಂದು ಕೇಳಿದರಂತೆ. ಇಲ್ಲ, ಇದಕ್ಕೆ ಮುಂದಿನ ಹೋಳಿ ಬರಬೇಕು ಎಂದು ಮುದುಕಿ ಹೇಳಿ ಬಂದಳು. ಹವಾ ಅಂದರೆ ಆಕಾಶ ಒಂದೇ ಅಲ್ಲ, ಓಣಿಗೆ ಏನೇನು ಬರುತ್ತದೋ ಅದೆಲ್ಲ ಎಂದು ಅಂದಿನಿಂದ ಕಲಿತೆ.

ಆ ಮುದುಕಿಯ ಸೊಸೆ ಸಾವಿತ್ರಿ. ಮುದುಕಿ ತೀರಿದ ಮೇಲೆ ಮಗ್ಗ ಅವಳದಾಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಅವಳ ಹಾಸಿನ ವಿಷಯ, ಮತ್ತು ಆ ಎರಡು ಕಲ್ಲಿನ ಗೂಟಗಳ ವಿಷಯ.

ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಓಣಿಯಲ್ಲಿ ಮನೆಗೊಬ್ಬ ಪಾಳಿ ಹೇಳುವವನಾದ. ಮೊಬೈಲಿನಲ್ಲಿ ವಾರದ ಹವಾ ಚಿತ್ರದಲ್ಲಿ ಬರುತ್ತದೆ: ಸೂರ್ಯ, ಮೋಡ, ಮೋಡದಲ್ಲಿ ಮಿಂಚು. ಸೂರ್ಯ ಇದ್ದ ದಿನ ನನಗೇ ಬೇಕು ಎಂದು ಎಲ್ಲರೂ ಬಾಯಿ ಮಾಡುತ್ತಿದ್ದರು. ನಾನೂ ಬೇಸತ್ತು ಕೊಟ್ಟೆ. ಆ ವರ್ಷ ಹೋಳಿಯ ನಂತರ ಒಂದು ಹಾಸು ಹನಿ ಬಿದ್ದು ಕೆಟ್ಟಿತು. ಇನ್ನೊಂದು, ಚಿತ್ರದಲ್ಲಿ ಸೂರ್ಯ ನಗುತ್ತಿದ್ದ ದಿನವೇ ಕೆಟ್ಟಿತು. ಗಂಜಿ ಕುಂಚಕ್ಕಿಂತ ಮೊದಲೇ ಒಣಗಿ ಎಳೆಗೆ ಎಳೆ ಅಂಟಿಕೊಂಡಿತು. ಬಿಸಿಲಿನಲ್ಲೂ ಕೆಡಿಸುತ್ತಾರೆಂದರೆ ಈ ಹೆಂಗಸರ ಕೈಯೇ ಹೋಗಿದೆ ಎಂದು ಮಾತು ಹಬ್ಬಿತು.

ಓಣಿಯ ತುದಿಯ ಮನೆ ಸದಾಶಿವನದು. ನೂಲಿನ ವ್ಯಾಪಾರ, ಎರಡು ಆಟೋ. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ಬೆಳಗಿನ ಹೊತ್ತು ಓಣಿ ಕಟ್ಟಿದರೆ ಅವನ ಆಟೋ ಹೊರಗೆ ಹೋಗದು. ಅವನು ಹಿರಿಯರನ್ನು ಕೂಡಿಸಿದ. ಮಷಿನ್ನಿನಲ್ಲಿ ಗಂಜಿ ಹಾಕಿಕೊಡುವ ಶೆಡ್ಡು ಊರಲ್ಲೇ ಇರುವಾಗ ಬೀದಿ ಯಾಕೆ ಬೇಕು ಎಂದ. ಶೆಡ್ಡಿನವರು ಪವರ್‌ಲೂಮಿನ ಉದ್ದದ ಹಾಸಷ್ಟೇ ತೆಗೆದುಕೊಳ್ಳುತ್ತಾರೆ, ಕೈಮಗ್ಗದ ತುಂಡು ಹಾಸು ಮುಟ್ಟುವುದಿಲ್ಲ ಎಂದು ನಾನು ಹೇಳಿದೆ. ಓಣಿ ಹೋದರೆ ಮಗ್ಗಗಳೂ ಹೋದಂತೆಯೇ. ಹಿರಿಯರು ತಲೆ ಕೆರೆದುಕೊಂಡು ತೀರ್ಮಾನ ಕೊಟ್ಟರು: ಈ ಯುಗಾದಿಯೊಳಗೆ ಇನ್ನೊಂದೇ ಒಂದು ಹಾಸು ಕೆಟ್ಟರೆ ಗೂಟ ಕೀಳುವುದು. ಸದಾಶಿವ ಅಂದೇ ಒಂದು ಹಾರೆ ತಂದು ತನ್ನ ಗೋಡೆಗೆ ಒರಗಿಸಿ ನಿಲ್ಲಿಸಿದ.

ಮುಂದಿನ ಪಾಳಿ ಸಾವಿತ್ರಿಯದು. ರನ್ನ ಬೆಳಗಲಿಯ ಒಂದು ಮದುವೆ ಮನೆಯ ಸೀರೆಗಳು. ಹಾಸು ಕೆಟ್ಟರೆ ಅವಳ ಮದುವೆ ಸೀರೆಯೂ ಹೋಯಿತು, ಓಣಿಯ ಗೂಟವೂ ಹೋಯಿತು.

ಭಾನುವಾರ ಸಂಜೆ ಎಲ್ಲರ ಮೊಬೈಲಿನಲ್ಲೂ ಒಂದೇ ಚಿತ್ರ. ಸೋಮವಾರ, ಮಂಗಳವಾರ ಸೂರ್ಯ. ಬುಧವಾರ ಮಿಂಚಿನ ಮೋಡ. ಸೋಮವಾರವೇ ಹಚ್ಚಿ ಮುಗಿಸೋಣ ಎಂದು ಸಾವಿತ್ರಿ ಗಂಜಿಯ ಹಿಟ್ಟು ಬೀಸಿಕೊಂಡೇ ಬಂದಳು. ನನಗೆ ಚಿತ್ರದ ಮೇಲೆ ನಂಬಿಕೆ ಹೋಗಿತ್ತು. ಚಿತ್ರದ ಕೆಳಗೆ ಏನೋ ಬರೆದಿದೆಯಲ್ಲ, ಅದನ್ನು ಓದು ಎಂದು ರೇಣುಕಾಳಿಗೆ ಹೇಳಿದೆ. ಅದನ್ನು ಯಾರೂ ಓದುವುದಿಲ್ಲ ಅತ್ತಿ ಎಂದಳು. ನೀನು ಓದು ಎಂದೆ. ಓದಿದಳು. ಸೋಮವಾರ, ಮಂಗಳವಾರ ಒಣ ಗಾಳಿ ಜೋರು, ತೇವಾಂಶ ಬಹಳ ಕಡಿಮೆ. ಬುಧವಾರ ಬೆಳಿಗ್ಗೆ ಮೋಡ, ಗಾಳಿ ಮಂದ, ತೇವಾಂಶ ಹೆಚ್ಚು. ಮಧ್ಯಾಹ್ನದ ಮೇಲೆ ಗುಡುಗು ಮಳೆ.

ಎಲ್ಲೋ ಕೂತು ಅದನ್ನು ಬರೆದವರಿಗೆ ನಮ್ಮ ಓಣಿ ಗೊತ್ತಿಲ್ಲ. ಆದರೆ ಈರಪ್ಪಣ್ಣ ಬೆಲ್ಲ ಒತ್ತಿ ಒಂದು ರಾತ್ರಿಯಷ್ಟು ಮುಂದೆ ಕಂಡದ್ದನ್ನು ಅವರು ಇಡೀ ವಾರಕ್ಕೆ ಕಂಡು ಕೊಟ್ಟಿದ್ದರು. ನಾವು ಅದನ್ನು ಬಿಟ್ಟು ಸೂರ್ಯನ ಗೊಂಬೆ ನೋಡುತ್ತಿದ್ದೆವು. ಬಿಸಿಲಿನಲ್ಲಿ ಕೆಟ್ಟ ಆ ಹಾಸನ್ನು ಕೆಡಿಸಿದ್ದು ನಮ್ಮ ಕೈಯಲ್ಲ, ಒಣ ಗಾಳಿ ಎಂಬುದೂ ಆಗಲೇ ಹೊಳೆಯಿತು.

ಬುಧವಾರ ಬೆಳಿಗ್ಗೆ ಸಾವಿತ್ರಿಯ ಹಾಸು ಎಂದು ಹೇಳಿದೆ. ಓಣಿ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಸಾವಿತ್ರಿ ನನ್ನೆದುರು ಬಂದು ನಿಂತಳು.

"ಮಿಂಚಿನ ಮೋಡ ಇದ್ದ ದಿನಾ ನನ್ನ ಹಾಸ ಬೀದಿಗಿ ಹಾಕಸ್ತಿಯೇನ ಬೇ? ನನ್ನ ಮ್ಯಾಲೆ ಏನ ಸಿಟ್ಟೈತಿ ನಿನಗ?"

"ಸಿಟ್ಟಿದ್ರ ಸೋಮವಾರ ಹಾಕಸ್ತಿದ್ದೆ," ಅಂದೆ. "ಗಂಜಿಗಿ ಬಿಸಲ ಬ್ಯಾಡವ್ವಾ, ವ್ಯಾಳ್ಯಾ ಬೇಕ. ಮಳಿ ಮಧ್ಯಾನ್ನದ ಮ್ಯಾಲ ಬರೂದು. ಮುಂಜಾನಿ ನಮ್ಮದು."

ಸೋಮವಾರ ಬಿಸಿಲು ಬಿದ್ದಿತು, ಒಣ ಗಾಳಿಯೂ ಬೀಸಿತು. ಓಣಿಯ ಹೆಂಗಸರೆಲ್ಲ ಮಾಳಿಗೆ ಏರಿ ಶಾವಿಗೆ ಒಣಹಾಕಿದರು, ನನ್ನನ್ನು ನೋಡಿ ನಕ್ಕರು. ಎಂಥ ಹವಾ ಕಳೆದುಕೊಂಡೆ ಎಂದು ಸಾವಿತ್ರಿ ಮುಖ ತಿರುವಿದಳು. ನಾನು ಒಂದು ಹಿಡಿ ನೂಲಿಗೆ ಗಂಜಿ ಹಚ್ಚಿ ಪಡಸಾಲೆಯ ಮೊಳೆಗೆ ನೇತುಹಾಕಿದೆ. ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಗರಿಗರಿ ಆಯಿತು. ಒಯ್ದು ಅವಳ ಕೈಗೆ ಕೊಟ್ಟೆ. ಮಡಿಚಿದಳು, ಲಟ್ಟನೆ ಮುರಿಯಿತು. ಇದು ಶಾವಿಗೆಯ ಹವಾ, ನೂಲಿನದಲ್ಲ ಎಂದು ಹೇಳಿ ಬಂದೆ. ಆಮೇಲೆ ಅವಳು ಬೀಸಿದ ಹಿಟ್ಟನ್ನು ಬುಧವಾರಕ್ಕೆಂದು ಮುಚ್ಚಿಟ್ಟಳು.

ಮಂಗಳವಾರ ಸಂಜೆ ಗಾಳಿ ಬಿದ್ದಿತು. ಈರಪ್ಪಣ್ಣನ ಹಾಗೆ ನಾನೂ ನಮ್ಮ ಮನೆಯ ಗೂಡಿನಲ್ಲಿಟ್ಟಿದ್ದ ಬೆಲ್ಲ ಒತ್ತಿದೆ, ಬೆರಳು ಅಂಟಿತು. ಆಗ ರೇಣುಕಾ ಮೊಬೈಲು ಹಿಡಿದು ಬಂದಳು. ಹೊಸದಾಗಿ ಬಂದ ಮುನ್ಸೂಚನೆಯಲ್ಲಿ ಮಳೆ ಮುಂದೆ ಬಂದಿತ್ತು: ಮಧ್ಯಾಹ್ನದ ಮೊದಲೇ ಬೀಳಬಹುದು. ಕೈಬಿಡೋಣವೇ ಎಂದು ಕೇಳಿದಳು. ಗುರುವಾರ, ಶುಕ್ರವಾರ ಇಡೀ ದಿನ ಮಳೆ ಎಂದಿತ್ತು, ಆಮೇಲೆ ಯುಗಾದಿ; ಅದು ದಾಟಿದರೆ ಮದುವೆಯೊಳಗೆ ಸೀರೆ ನೇಯ್ದು ಮುಗಿಯುತ್ತಿರಲಿಲ್ಲ. ಬೇರೆ ಬೆಳಿಗ್ಗೆಯೇ ಇರಲಿಲ್ಲ. ಗಂಜಿ ಏರಿಸು ಎಂದೆ.

ಬುಧವಾರ ಕೋಳಿ ಕೂಗುವ ಮೊದಲೇ ಹಾಸು ಎಳೆದೆವು. ಕುಂಚ ಬಿಟ್ಟು ಮೂಲೆ ಸೇರಿದ್ದ ಚನ್ನವ್ವನನ್ನು ಎಬ್ಬಿಸಿ ಕರೆತಂದಿದ್ದೆ. ಮೇಲೆ ಬೂದಿ ಬಣ್ಣದ ಮೋಡ, ಎಲೆ ಅಲ್ಲಾಡದ ಗಾಳಿ. ಗಂಜಿ ನೂಲಿಗೆ ಎಣ್ಣೆಯಂತೆ ಇಳಿಯಿತು. ಕುಂಚ ಎಳೆದಲ್ಲೆಲ್ಲ ಎಳೆ ಎಳೆ ಬಿಡಿಸಿಕೊಂಡು ನಿಂತವು. ಇಷ್ಟು ವರ್ಷದಲ್ಲಿ ಅಂಥ ಹಾಸನ್ನು ನಾನು ಹೆಚ್ಚು ನೋಡಿಲ್ಲ. ಈರಪ್ಪಣ್ಣ ಇದ್ದಿದ್ದರೆ ಬೈಗುಳ ಸಿಗದೆ ತಡವರಿಸುತ್ತಿದ್ದರು.

ಬಸ್ಸಿನ ತಗಡು ನೋಡಲು ಈಗ ಓಡಬೇಕಾಗಿಲ್ಲ. ಬೀಳಗಿಯಲ್ಲಿ ನನ್ನ ತಂಗಿ, ಮುಧೋಳದಲ್ಲಿ ಮಗಳು, ಇಬ್ಬರಿಗೂ ಆಕಾಶ ನೋಡುತ್ತಿರಿ ಎಂದು ಹೇಳಿಟ್ಟಿದ್ದೆ. ಮೊದಲು ತಂಗಿಯ ಫೋನು ಬಂತು, ಗುಡುಗು ಶುರುವಾಗಿದೆ ಎಂದು. ಹಾಸು ಇನ್ನೂ ಹಸಿ. ನಡೆಯುತ್ತಲೇ ಇದ್ದೆವು. ಸ್ವಲ್ಪ ಹೊತ್ತಿಗೆ ಮಗಳ ಫೋನು.

"ಯವ್ವಾ, ಇಲ್ಲಿ ಹನಿ ಬಿತ್ತು. ದಪ್ಪನ ಹನಿ."

ಎರಡೂ ತುದಿ ಆರಿತ್ತು. ನಡುವೆ ಮಾತ್ರ, ಹೊಸದಾಗಿ ಎದ್ದ ಎತ್ತರದ ಮನೆಯ ಮಗ್ಗುಲಲ್ಲಿ, ಗಾಳಿ ಆಡದೆ ನೂಲು ಹಸಿಯಾಗಿ ಜೋತಿತ್ತು. ಹಸಿ ಸುತ್ತಿದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಬಿಟ್ಟರೆ ಮಳೆ ಗಂಜಿಯನ್ನೆಲ್ಲ ತೊಳೆಯುತ್ತದೆ. ಸಾವಿತ್ರಿ ಸೆರಗಿನಿಂದಲೇ ನೂಲಿಗೆ ಗಾಳಿ ಹಾಕತೊಡಗಿದಳು. ನಾನು ಓಣಿಯ ನಡುವೆ ನಿಂತು, ಮನೆಯಲ್ಲಿ ಇದ್ದ ಮೊರ ಎಲ್ಲ ತನ್ನಿರಿ ಎಂದು ಕೂಗಿದೆ.

ಮೊದಲು ಬಂದದ್ದು ಸದಾಶಿವನ ಹೆಂಡತಿ. ಎರಡು ಮೊರ ತಂದಳು. ಆಮೇಲೆ ನನ್ನನ್ನು ನೋಡಿ ನಕ್ಕವರೆಲ್ಲ ಬಂದರು, ಮಾತು ಬಿಟ್ಟವರೂ ಬಂದರು. ಕೆಲವರ ಮೊರದಲ್ಲಿ ಇನ್ನೂ ಶಾವಿಗೆಯ ಚೂರಿತ್ತು. ಹಾಸಿನ ಎರಡೂ ಬದಿಗೆ ಸಾಲಾಗಿ ನಿಲ್ಲಿಸಿ, ಜೋಳ ಕೇರುವಂತೆ ಅಲ್ಲ, ಕೂಸಿಗೆ ಗಾಳಿ ಹಾಕುವಂತೆ ಬೀಸಿರಿ ಎಂದೆ. ಬೀಸಿದರು. ನಾನೂ ಚನ್ನವ್ವನೂ ಅವರ ನಡುವೆ ಕುಂಚ ಎಳೆದೆವು. ಮೂಡಣ ಕರ್ರಗಾಯಿತು.

ಅಷ್ಟರಲ್ಲಿ ಓಣಿಯ ಬಾಯಿಗೆ ಒಂದು ಬೈಕು ಬಂದು ಹಾರನ್ ಹೊಡೆಯಿತು. ನಾನು ತಿರುಗಿ ಬೈಯಬೇಕು, ಆಗಲೇ ಅಲ್ಲಿ ಸದಾಶಿವನ ದನಿ ಕೇಳಿತು.

"ಕಣ್ಣ ಕಾಣೂದಿಲ್ಲೇನಲೇ? ಹಾಸ ಹಸಿ ಐತಿ. ಸುತ್ತಹಾಕ್ಕೊಂಡ ಹೋಗು."

ತನ್ನ ಆಟೋವನ್ನೇ ಅಡ್ಡ ನಿಲ್ಲಿಸಿ ಓಣಿಯ ಬಾಯಿ ಕಟ್ಟಿದ್ದ.

ನಡುವಿನ ನೂಲನ್ನು ಕೆನ್ನೆಗೆ ಹಚ್ಚಿ ನೋಡಿದೆ. ಕೈಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತದೆ. ಆರಿತ್ತು. ಸುತ್ತಿರಿ ಎಂದೆ. ಕಂಬಳಿಯಂತೆ ಸುತ್ತಿ, ಓಣಿಯೆಲ್ಲ ಸೇರಿ ಹೆಗಲ ಮೇಲೆ ಹೊತ್ತು ಸಾವಿತ್ರಿಯ ಪಡಸಾಲೆಗೆ ಸೇರಿಸಿದೆವು. ಕೊನೆಯವಳು ಹೊಸ್ತಿಲು ದಾಟಿದಳು, ಮಳೆ ಬಿತ್ತು. ಹನಿಯಲ್ಲ, ಕೊಡ. ನಾವು ಬಾಗಿಲಲ್ಲಿ ಮೊರ ಹಿಡಿದು ನಿಂತು ನೋಡಿದೆವು. ಓಣಿಯಲ್ಲಿ ತೊಳೆದುಹೋಗಲು ಇದ್ದದ್ದು ನೆಲಕ್ಕೆ ಬಿದ್ದ ಗಂಜಿ ಮಾತ್ರ. ಸಾವಿತ್ರಿ ಒಳಗೆ ಹೋದಳು. ಒಳಗಿನಿಂದ ಒಂದು ಹೆಂಟೆ ಬೆಲ್ಲ ತಂದು ಮೊದಲು ಚನ್ನವ್ವನ ಕೈಗಿಟ್ಟಳು. ಓಣಿಯೆಲ್ಲ ನಕ್ಕಿತು.

ಕಲಿಯಲು ಬರುವ ಹುಡುಗಿಯರಿಗೆ ಇದನ್ನೇ ಹೇಳುತ್ತೇನೆ. ಮುನ್ಸೂಚನೆಯನ್ನು ಪೂರ್ತಿ ಓದಿ, ಗೊಂಬೆ ನೋಡಿ ಬಿಡಬೇಡಿ. ಓದಿದ ಮೇಲೆ ಬೆಲ್ಲವನ್ನೂ ಒತ್ತಿ. ಎರಡೂ ಒಂದೇ ಮಾತು ಹೇಳಿದರೆ ಯಾರು ನಕ್ಕರೂ ಗಂಜಿ ಏರಿಸಿ.

ಮಳೆ ನಿಂತ ಮೇಲೆ ಹೊರಗೆ ಬಂದೆ. ಮಣ್ಣು ನೆನೆದು ಸದಾಶಿವನ ಮನೆಯ ಮುಂದಿನ ಗೂಟ ಒಂದು ಕಡೆ ವಾಲಿತ್ತು. ಈಗ ಕೀಳುವುದಾದರೆ ಒಂದು ಮಗು ಕೂಡ ಕೀಳಬಹುದಿತ್ತು. ಸದಾಶಿವ ಹಾರೆ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಸೊಂಟಕ್ಕೆ ಕೈ ಇಟ್ಟು ನಿಂತೆ. ಅವನು ಗೂಟವನ್ನು ನೆಟ್ಟಗೆ ಮಾಡಿ, ಬುಡಕ್ಕೆ ಕಲ್ಲಿನ ಚೂರು ತುಂಬಿ, ಹಾರೆಯ ಮೊಂಡು ತುದಿಯಿಂದ ಜಡಿಯತೊಡಗಿದ. ಜಡಿಯುತ್ತಲೇ, ತಲೆ ಎತ್ತದೆ ಕೇಳಿದ.

"ನಾಳಿ ಮುಂಜಾನಿ ಯಾರ ಹಾಸ, ಅಕ್ಕಾರ?"

"ನಾಳಿ ಯಾರದೂ ಇಲ್ಲ. ಮಳಿ ಐತಿ," ಅಂದೆ. "ಗಟ್ಯಾಗಿ ಜಡಿ."